ಸಹಿಯಿಲ್ಲದ ಮೇಲ್

ಬೀರು ತೆರೆದ ಯಂತ್ರದಣ್ಣ ಹಿಡಿಕೆಯ ಮೇಲಿಂದ ಕೈ ತೆಗೆಯದೆ ನಿಂತುಬಿಟ್ಟ. ಮೇಲಿನ ಹಲಗೆಯಲ್ಲಿ ಭೂಗೋಳ ಇತ್ತು. ಕೆಳಗಿನದರಲ್ಲಿ ಕಥೆ ಪುಸ್ತಕಗಳಿದ್ದವು. ನಡುವಿನ ಹಲಗೆ—ಖಾಲಿ! ಏಳನೇ ತರಗತಿಯ ಗಣಿತದ ತಗಡುಗಳಲ್ಲಿ ಒಂದೂ ಅಲ್ಲಿರಲಿಲ್ಲ.

ಬೀಗ ಮುರಿದಿರಲಿಲ್ಲ. ಕಿಟಕಿ ಒಡೆದಿರಲಿಲ್ಲ. ಬೀರುವಿನ ಕೀಲಿ ಎಂದಿನಂತೆ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

ಅದು ಕಣ್ಣು ಕಾಣದವರಿಗಾಗಿ ಬ್ರೈಲ್ ಪುಸ್ತಕ ಮಾಡುವ ಅಚ್ಚುಕೂಟ. ಅಲ್ಲಿ ಪುಟಕ್ಕೊಂದು ತಗಡು. ತಗಡಿನ ಮೇಲೆ ಉಬ್ಬು ಅಕ್ಷರ. ತಗಡು ಹೋದರೆ ಪುಸ್ತಕವೇ ಹೋದಂತೆ. ಶಾಲೆ ತೆರೆಯುವ ಹೊತ್ತಿಗೆ ಆ ಗಣಿತ ಮಕ್ಕಳ ಕೈಯಲ್ಲಿರಬೇಕಿತ್ತು.

ಯಂತ್ರದಣ್ಣ ಮಹಡಿಗೆ ಓಡಿದ. ಅಲ್ಲಿ ಯಜಮಾನರು ಆಗಲೇ ಕಂಪ್ಯೂಟರಿನ ಮುಂದೆ ಕಲ್ಲಿನಂತೆ ಕೂತಿದ್ದರು. ಪರದೆಯ ಮೇಲೆ ಒಂದು ಮೇಲ್. ಕರಡು ತಿದ್ದುವ ಟೀಚರು ಹಿಂದಿನ ಸಂಜೆ ಕಳಿಸಿದ್ದು. ಇದ್ದದ್ದು ಇಷ್ಟೇ—

"ಗಣಿತದ ತಗಡುಗಳನ್ನು ಬೀರುವಿನಿಂದ ನಾನೇ ತೆಗೆದಿದ್ದೇನೆ. ಅವು ಅಚ್ಚಿಗೆ ಹೋಗಕೂಡದು. ನಾಳೆಯಿಂದ ನಾನು ಕೆಲಸಕ್ಕೆ ಬರುವುದಿಲ್ಲ."

ಟೀಚರ ಫೋನು ಬಂದ್. ಮನೆಗೆ ಬೀಗ. "ತಂಗಿಗೆ ಹುಷಾರಿಲ್ಲ ಅಂತ ಹೋದ್ರು, ಎಲ್ಲಿಗೆ ಅಂತ ಹೇಳಲಿಲ್ಲ" ಎಂದರಂತೆ ಪಕ್ಕದ ಮನೆಯವರು.

ಎರಡು ದಿನ ಹುಡುಕಿ ಸೋತ ಯಜಮಾನರು ಬೆಳಿಗ್ಗೆ ಬೆಳಿಗ್ಗೆಯೇ ನಮ್ಮ ಮನೆಗೆ ಬಂದು ಅಕ್ಕನ ಎದುರು ಇಷ್ಟನ್ನೂ ಹೇಳಿಕೊಂಡರು.

ಅಕ್ಕನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ‘ಸುಟ್ಟುಹೋಯಿತು’, ‘ಕಳೆದುಹೋಯಿತು’ ಎಂದು ವಿಮಾ ಕಚೇರಿಗೆ ಬರುವವರ ಮಾತು ಸುಳ್ಳೋ ನಿಜವೋ ಎಂದು ಜೀವಮಾನವೆಲ್ಲ ತೂಗಿದವಳು ಅವಳು. ನಿವೃತ್ತಳಾದರೂ ಜನ ಅವಳನ್ನು ಬಿಟ್ಟಿಲ್ಲ. ನಾನು ಅವಳ ತಮ್ಮ, ಬಸ್ ಕಂಡಕ್ಟರಾಗಿದ್ದವನು. ಮುಖ ನೋಡಿಯೇ ಇವನು ಟಿಕೆಟ್ ತೆಗೆದಿಲ್ಲ ಎಂದು ಹೇಳಬಲ್ಲೆ ಎಂಬ ಹೆಮ್ಮೆ ನನ್ನದು. "ನೀನು ಹಿಡಿದೋರೆಲ್ಲ ಪಾಸ್ ಇದ್ದೋರೇ" ಎನ್ನುತ್ತಾಳೆ ಅಕ್ಕ. ಒಡಹುಟ್ಟಿದವರ ಮರ್ಯಾದೆ ಎಂದರೆ ಇಷ್ಟೇ.

"ಪೊಲೀಸರಿಗೆ ಹೇಳಿದ್ರಾ?" ಅಕ್ಕ ಕೇಳಿದಳು.

"ಏನಂದ್ರಿ?"

ಯಜಮಾನರಿಗೆ ಒಂದು ಕಿವಿ ಪೂರ್ತಿ ಇಲ್ಲ. ಇನ್ನೊಂದು ಕೂಗಿದರೆ ಮಾತ್ರ ಕೇಳುತ್ತದೆ. ನಾನು ಬಸ್ಸಿನ ಗಂಟಲಲ್ಲಿ ಕೂಗಿದೆ.

ಅವರು ಅಂಗಿಯ ಜೇಬು ಮುಟ್ಟಿಕೊಂಡರು. "ದೂರು ಬರೆದಿಟ್ಟಿದೀನಿ. ಸಂಜೆ ಇನ್‌ಸ್ಪೆಕ್ಟರು ಬರ್ತಾರೆ. ಕೊಡೋಕೆ ಕೈ ಬರ್ತಿಲ್ಲ ಅಮ್ಮಾ. ಒಂದ್ಸಲ ಕಳ್ಳಿ ಅಂತ ಹೆಸರು ಬಿತ್ತು ಅಂದ್ರೆ ಯಾವ ಶಾಲೆ, ಯಾವ ಪ್ರೆಸ್ಸು ಅವರನ್ನ ಒಳಗೆ ಬಿಟ್ಕೊಳ್ಳುತ್ತೆ? ಕೊಡದೇ ಇದ್ರೆ ಆ ಮಕ್ಕಳಿಗೆ ಏನು ಹೇಳ್ಲಿ?"

"ಅವರೇ ಬರೆದು ಒಪ್ಪಿಕೊಂಡಿದಾರಲ್ಲ, ಇನ್ನೇನು ಉಳೀತು?" ಎಂದೆ ನಾನು.

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ" ಎಂದು ಅಕ್ಕ ಚಪ್ಪಲಿ ಮೆಟ್ಟಿದಳು. "ಸಂಜೆವರೆಗೆ ಹೊತ್ತಿದೆ. ನಡಿ."

ಅಚ್ಚುಕೂಟದ ಕೆಳಗಿನ ಹಜಾರದಲ್ಲಿ ಒಂದು ಕಡೆ ಯಂತ್ರ, ಒಂದು ಕಡೆ ಕಾಗದದ ಕೋಣೆಯ ಬಾಗಿಲು. ಕಿಟಕಿಯ ಪಕ್ಕ ಟೀಚರ ಮೇಜು. ಹುಟ್ಟಿನಿಂದ ಅವರಿಗೆ ಕಣ್ಣಿಲ್ಲ. ಬೆರಳಿನಿಂದಲೇ ಕರಡು ಓದುತ್ತಾರೆ.

"ಬೆಳಕು ಬೇಡದವರಿಗೆ ಕಿಟಕಿ ಯಾಕೆ?" ಎಂದು ಕೇಳಿದೆ.

"ಗಾಳಿ ಬೇಕಲ್ಲ ಸಾರ್" ಎಂದ ಯಂತ್ರದಣ್ಣ. ಅಕ್ಕ ನನ್ನತ್ತ ಒಂದು ನೋಟ ಎಸೆದಳು. ಬಾಯಿ ಮುಚ್ಚಿಕೊಂಡೆ.

ಯಂತ್ರದಣ್ಣ ಗಟ್ಟಿಮುಟ್ಟಾದ ಆಳು. ಅಚ್ಚು ಹಾಕುವವನೂ ಅವನೇ, ಪುಸ್ತಕದ ಚಿತ್ರಗಳನ್ನು ತಗಡಿನ ಹಿಂಬದಿಯಿಂದ ಕೈಯಾರೆ ಉಬ್ಬಿಸುವವನೂ ಅವನೇ. ಕೇಳುವ ಮೊದಲೇ ಹೇಳಿಬಿಟ್ಟ:

"ನಾನು ಮುಟ್ಟಿಲ್ಲಮ್ಮ. ಕೀಲಿ ಎಲ್ಲರ ಕೈಗೂ ಸಿಗುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಮನಸ್ಸಿನಲ್ಲಿ ಅವನ ಹೆಸರಿಗೆ ಒಂದು ಗೀಟು ಬಿತ್ತು.

"ಆವತ್ತು ಸಂಜೆ ನೀವು ಹೋಗೋವಾಗ ಟೀಚರು ಇದ್ರಾ?"

"ಇದ್ರು. ತಗಡಿನ ಮೇಲೆ ಬೆರಳಾಡಿಸ್ತಾ ಕೂತಿದ್ರು. ಆಮೇಲೆ ಟ್ಯಾಕ್ಸಿ ಬಂತಂತೆ. ಕಾವಲಿನವನು ಬ್ಯಾಗ್ ಎತ್ತಿಟ್ಟನಂತೆ."

"ಒಬ್ಬನೇನಾ?"

"ಒಂದೇ ಕೈಯಲ್ಲಿ. ಬಟ್ಟೆ ಬ್ಯಾಗು."

"ಗಣಿತದ ತಗಡು ಅಷ್ಟನ್ನೂ ಒಂದೇ ಕೈಯಲ್ಲಿ ಎತ್ತೋಕಾಗುತ್ತಾ?"

ಯಂತ್ರದಣ್ಣ ನಕ್ಕ. "ಇಬ್ಬರು ಹೊತ್ತರೂ ಸೊಂಟ ಹಿಡ್ಕೊಳ್ಳುತ್ತೆ."

"ಹಾಗಾದ್ರೆ ಅವು ಈ ಕಟ್ಟಡ ಬಿಟ್ಟು ಹೋಗಿಲ್ಲ" ಎಂದಳು ಅಕ್ಕ. "ಕಳ್ಳತನ ಮಾಡಿದೋರು ಮಾಲನ್ನ ಮಾಲೀಕನ ಮನೇಲೇ ಬಿಟ್ಟು ಹೋಗ್ತಾರಾ?"

"ಎಲ್ಲಾ ಕಡೆ ಹುಡುಕಿದ್ವಿ ಅಮ್ಮಾ."

"ಕಳ್ಳರು ಬಚ್ಚಿಡೋ ಕಡೆ ಹುಡುಕಿರ್ತೀರಿ. ಇರಲಿ. ಟೀಚರ ಜೊತೆ ನಿಮಗೇನಾದ್ರೂ ಮನಸ್ತಾಪ?"

ಅವನು ಕೈಯೊರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ. "ಮನಸ್ತಾಪ ಅಂತಲ್ಲ. ದಿನಾ ರಸ್ತೆ ದಾಟಿಸಿ ಬರ್ತೀನಿ. ಮೊದಲೆಲ್ಲ ಯಜಮಾನ್ರಿಗೆ ಬರೆಯೋ ಮೇಲಲ್ಲಿ ನನ್ನ ಬಗ್ಗೆ ಒಂದು ಒಳ್ಳೆ ಮಾತು ಹಾಕೋರು. ಈಚೆಗೆ ಅದೂ ಇಲ್ಲ. ಬೇಡ ಬಿಡಿ. ಹೊಗಳಿಕೆ ತಿಂದು ಹೊಟ್ಟೆ ತುಂಬುತ್ತಾ?" ತುಂಬುವುದಿಲ್ಲ ಎಂದು ಬಾಯಿ ಹೇಳಿತು, ಮುಖ ಬೇರೆಯೇ ಹೇಳಿತು.

ಮಹಡಿಯ ಮೆಟ್ಟಿಲು ಹತ್ತುವಾಗ ಅಕ್ಕ ಯಜಮಾನರ ಒಳ್ಳೆಯ ಕಿವಿಯ ಕಡೆಗೆ ಸರಿದಳು. "ಒಂದೇ ಕಟ್ಟಡದಲ್ಲಿದ್ದುಕೊಂಡು ಮೇಲ್ ಯಾಕೆ? ಬಾಯಿಮಾತು ಸಾಕಾಗಲ್ವಾ?"

"ಟೀಚರದು ಸಣ್ಣ ದನಿ, ನನ್ನದು ಈ ಕಿವಿ" ಎಂದರು ಯಜಮಾನರು. "ಅವರಿಗೆ ಕಾಣಲ್ಲ, ನನಗೆ ಕೇಳಲ್ಲ. ನಮ್ಮ ಮಾತೆಲ್ಲ ಮೇಲಲ್ಲೇ. ಅದರಲ್ಲೇ ಜಗಳ ಆಡಿದೀವಿ, ಅದರಲ್ಲೇ ರಾಜಿ ಆಗಿದೀವಿ. ಎಂಥ ಕಾಗದ ಬರೆಯೋರು ಗೊತ್ತಾ! ಈಗ ಎರಡು ತಿಂಗಳಿಂದ ಮನಸ್ಸು ಮುರಿದಿದೆ ಅವರಿಗೆ. ಇಷ್ಟುದ್ದ ಬರೀತಿದ್ದೋರು ಬೆರಳುದ್ದ ಬರೆದು ನಿಲ್ಲಿಸ್ತಿದ್ರು. ಕಂಪ್ಯೂಟರಲ್ಲಿರೋದನ್ನ ಬೆರಳಿಂದ ಓದೋಕೆ ಅವರಿಗೆ ಒಂದು ಬೆರಳಪಟ್ಟಿ ಇದೆ. ಅದು ಹಳೇದಾಗಿತ್ತು, ಹೊಸದು ತಂದುಕೊಟ್ಟೆ. ಉತ್ತರ ಏನು ಬಂತು? ‘ಪಟ್ಟಿ ತಲುಪಿತು. ಚೆನ್ನಾಗಿ ಕೆಲಸ ಮಾಡುತ್ತಿದೆ.’ ಮುಗೀತು! ಅಂಗಡಿಯವನಿಗೆ ರಶೀದಿ ಕೊಟ್ಟ ಹಾಗೆ."

ಮಹಡಿಯಲ್ಲಿ ಅವರ ಅಳಿಯ ಇದ್ದ. ಕಂಪ್ಯೂಟರಿನ ಕೆಲಸವೆಲ್ಲ ಅವನದೇ. ಮಾತಾಡುವಾಗಲೂ ಒಂದು ಕಣ್ಣು ಫೋನಿನಲ್ಲಿ. ಈಗ ಫೋನೇ ಪುಸ್ತಕ ಓದಿ ಹೇಳುತ್ತದೆ, ಇಷ್ಟು ತಗಡು ಯಾಕೆ ಹೊರಬೇಕು ಎಂದು ಮಾವನ ಜೊತೆ ವಾದ ಮಾಡುತ್ತಿದ್ದವನು. ಅವನ ಹೆಸರಿಗೆ ನಾನು ಎರಡು ಗೀಟು ಹಾಕಿದೆ.

"ಆ ಮೇಲ್ ಟೀಚರ ಕಂಪ್ಯೂಟರಿಂದಲೇ ಹೋಗಿದ್ದಾ?"

"ಹೌದು ಮೇಡಂ. ಅವರ ಹೆಸರು, ಅವರ ಪಾಸ್‌ವರ್ಡು."

"ಕಳಿಸಿದ್ದರ ನಕಲು ಇರಬೇಕಲ್ಲ? ನನ್ನ ಫೋನಲ್ಲಿ ಕಳಿಸಿದ್ದೆಲ್ಲ ಒಂದು ಕಡೆ ಕೂತಿರುತ್ತೆ."

"ಅಲ್ಲಿ ಇಲ್ಲ" ಎಂದ ಅಳಿಯ.

ನಾನು ಎದ್ದು ನಿಂತೆ. "ಇಲ್ವಾ? ಬೇರೆ ಯಾರೋ ಕಳಿಸಿ ಅಳಿಸಿಬಿಟ್ಟಿದಾರೆ! ಅಕ್ಕಾ, ಪಾಸ್‌ವರ್ಡು ಟೀಚರಿಗೆ ಬಿಟ್ರೆ ಇನ್ಯಾರಿಗೆ ಗೊತ್ತು, ಕೇಳು!"

"ನನಗೆ ಗೊತ್ತು" ಎಂದ ಅಳಿಯ. ಮುಖ ಸಣ್ಣದಾಯಿತು. "ಆದ್ರೆ ನಾನ್ಯಾಕೆ—"

"ಕೂತ್ಕೊಳೋ" ಎಂದಳು ಅಕ್ಕ ನನಗೆ. "ನೀನು ಹೇಳಪ್ಪಾ. ನಕಲು ಯಾಕಿಲ್ಲ?"

ಅಳಿಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದು ಪೆಟ್ಟಿಗೆಯನ್ನು ತೋರಿಸಿದ. "ಇದು ನಮ್ಮದೇ ಮೇಲ್ ಸರ್ವರ್. ನಮ್ಮ ಮನೆಯೊಳಗಿನ ಪೋಸ್ಟಾಫೀಸು ಅನ್ನಿ. ಮೊದಲು ಟೀಚರ ಕಾಗದ ಇದಕ್ಕೆ ಬರ್ತಿತ್ತು, ಇದು ಹೊರಗೆ ಕಳಿಸ್ತಿತ್ತು, ಒಂದು ನಕಲು ಇಟ್ಕೊಳ್ತಿತ್ತು. ಕರೆಂಟ್ ಹೆಚ್ಚುಕಮ್ಮಿ ಆಗಿ ಸುಟ್ಟುಹೋಯ್ತು. ನಾವೆಲ್ಲ ಮೇಲ್ ಕಂಪನಿಯ ವೆಬ್ ಪುಟದಿಂದ ಕಳಿಸೋಕೆ ಶುರು ಮಾಡಿದ್ವಿ. ಟೀಚರಿಗೆ ಆ ಪುಟ ಆಗಲಿಲ್ಲ. ಕಾಣದೋರಿಗೆ ಗುಂಡಿ ಎಲ್ಲಿ, ಖಾನೆ ಎಲ್ಲಿ ಅಂತ ಹುಡುಕೋದೇ ದೊಡ್ಡ ಕೆಲಸ. ಅದಕ್ಕೇ ನಾನೊಂದು ಕಮಾಂಡ್ ಬರೆದುಕೊಟ್ಟೆ. ಕಾಗದ ಬರೆದು ಉಳಿಸೋದು, ‘ಕಳಿಸು’ ಅಂತ ಒಂದು ಸಾಲು ಟೈಪ್ ಮಾಡೋದು. ನಡುವೆ ಯಾವ ಸರ್ವರೂ ಬೇಡ. ನೇರ ಹೊರಗಿನ ಸರ್ವರ್ ಜೊತೆಗೇ ಮಾತು. ಅದಕ್ಕೇ ನಕಲು ಉಳಿಯಲ್ಲ."

ಅಳಿಯನ ಎರಡು ಗೀಟಿನಲ್ಲಿ ಒಂದನ್ನು ಅಳಿಸಬೇಕಾಯಿತು. ಪುಸ್ತಕ ಬೇಡ ಎನ್ನುವವನು ಟೀಚರಿಗಾಗಿ ಕೂತು ದಾರಿ ಮಾಡಿಕೊಟ್ಟಿದ್ದ.

ಅಕ್ಕ ಯಜಮಾನರ ಕುರ್ಚಿ ಎಳೆದು ಕೂತಳು. "ಟೀಚರ ಹಳೆಯ ಮೇಲ್‌ಗಳನ್ನ ತೋರಿಸಿ. ಈ ವರ್ಷದ್ದೆಲ್ಲ."

ಒಂದೊಂದಾಗಿ ತೆರೆದವು. ಅಕ್ಕ ಓದಿದಳು, ನಾನು ಭುಜದ ಮೇಲಿಂದ ಇಣುಕಿದೆ. ಹಳೆಯವು ಉದ್ದುದ್ದ. ಪ್ಯಾರಾ ಮುಗಿದಲ್ಲೆಲ್ಲ ಕೆಳಗಿನ ಸಾಲಿನಲ್ಲಿ ಬರೀ ಒಂದು ಚುಕ್ಕೆ. ಆಮೇಲೆ ಮುಂದಿನ ಪ್ಯಾರಾ. ಕೊನೆಯಲ್ಲಿ ‘ನಿಮ್ಮ ವಿಶ್ವಾಸದ ಟೀಚರ್’.

ಹೊಸವು ಗಿಡ್ಡ. ಎಲ್ಲವೂ ಒಂದೇ ಪ್ಯಾರಾ. ಒಂದರಲ್ಲೂ ಸಹಿ ಇಲ್ಲ.

"ಈ ಪೆಟ್ಟಿಗೆ ಸುಟ್ಟಿದ್ದು ಯಾವಾಗ?" ಅಕ್ಕ ಪರದೆಯಿಂದ ಕಣ್ಣು ಕೀಳದೆ ಕೇಳಿದಳು.

"ಎರಡು ತಿಂಗಳಾಯ್ತು."

"ಟೀಚರ ಮನಸ್ಸು ಮುರಿದಿದ್ದು?"

"ಏನಂದ್ರಿ?" ಎಂದರು ಯಜಮಾನರು. ನಾನು ಕೂಗಿದೆ. "ಎರಡು ತಿಂಗಳು" ಎಂದರು ಅವರೂ.

ಅಕ್ಕ ಎದ್ದು ಸರಸರನೆ ಕೆಳಗಿಳಿದಳು. ನಾವೆಲ್ಲ ಹಿಂದೆಯೇ ಓಡಿದೆವು. ಟೀಚರ ಮೇಜಿನ ಮೇಲೆ ಕಂಪ್ಯೂಟರು. ಕೀಲಿಮಣೆಯ ಮುಂದೆ ಉದ್ದನೆಯ ಬೆರಳಪಟ್ಟಿ. ಪರದೆಯ ಒಂದು ಸಾಲಿನಲ್ಲಿ ಏನಿದೆಯೋ ಅದು ಪಟ್ಟಿಯ ಮೇಲೆ ಪುಟ್ಟ ಮೊಳೆಗಳಾಗಿ ಎದ್ದು ನಿಲ್ಲುತ್ತದೆ. ಅದನ್ನು ಬೆರಳಿನಿಂದ ಓದಬೇಕು.

"ಯಾವುದಾದ್ರೂ ಎರಡು ಪ್ಯಾರಾ ಹಾಕಪ್ಪಾ. ನಡುವೆ ಒಂದು ಖಾಲಿ ಸಾಲು ಬಿಡು" ಎಂದು ಅಕ್ಕ ಕಣ್ಣು ಮುಚ್ಚಿ ಬೆರಳಿಟ್ಟಳು. ಅಳಿಯ ಒಂದೊಂದೇ ಸಾಲು ಇಳಿಸುತ್ತ ಹೋದ. ಮೊಳೆಗಳು ಎದ್ದವು, ಬಿದ್ದವು. ಖಾಲಿ ಸಾಲು ಬಂದಾಗ ಪಟ್ಟಿ ನುಣ್ಣಗಾಯಿತು.

"ಏನೂ ಸಿಕ್ತಿಲ್ಲ. ಕಾಗದ ಮುಗೀತಾ? ಕರೆಂಟ್ ಹೋಯ್ತಾ?"

"ಖಾಲಿ ಸಾಲು ಮೇಡಂ."

"ನನ್ನ ಬೆರಳಿಗೆ ಹೇಗೆ ಗೊತ್ತಾಗ್ಬೇಕು? ಈಗ ಅಲ್ಲಿ ಒಂದು ಚುಕ್ಕೆ ಇಡು." ಇಟ್ಟ. ಅಕ್ಕನ ಬೆರಳು ತಟ್ಟನೆ ನಿಂತಿತು. "ಹ್ಞಾ! ಈಗ ಸಿಕ್ತು. ಪ್ಯಾರಾ ಮುಗೀತು, ಮುಂದೆ ಇನ್ನೂ ಇದೆ. ಅದಕ್ಕೇ ಟೀಚರು ಚುಕ್ಕೆ ಇಡೋದು. ಕಣ್ಣಿದ್ದೋರಿಗೆ ಖಾಲಿ ಜಾಗ ಕಾಣುತ್ತೆ. ಬೆರಳಿಗೆ ಏನಾದ್ರೂ ಸಿಗಬೇಕು."

"ಇದಕ್ಕೂ ತಗಡಿಗೂ ಏನಕ್ಕಾ ಸಂಬಂಧ?" ಎಂದೆ.

ಅವಳು ನನ್ನನ್ನು ಬಿಟ್ಟು ಅಳಿಯನ ಕಡೆ ತಿರುಗಿದಳು. "ನಿನ್ನ ಕಮಾಂಡು ಹೊರಗಿನ ಸರ್ವರ್ ಜೊತೆ ಮಾತಾಡುತ್ತೆ ಅಂದ್ಯಲ್ಲ, ಏನಂತ ಮಾತಾಡುತ್ತೆ? ನನಗೆ ತಿಳಿಯೋ ಹಾಗೆ ಹೇಳು."

"ಮೊದಲು ನಮಸ್ಕಾರ ಹೇಳುತ್ತೆ. ಇಂಥೋರಿಂದ, ಇಂಥೋರಿಗೆ ಅನ್ನುತ್ತೆ. ಇನ್ನು ಕಾಗದ ಹೇಳ್ತೀನಿ, ಬರ್ಕೋ ಅನ್ನುತ್ತೆ. ಆಮೇಲೆ ಒಂದೊಂದೇ ಸಾಲು ಹೇಳ್ತಾ ಹೋಗುತ್ತೆ."

"ಸರಿ. ಕಾಗದ ಮುಗೀತು ಅಂತ ಆ ಕಡೆಯವನಿಗೆ ಹೇಗೆ ಗೊತ್ತಾಗುತ್ತೆ?"

"ಅದು ಸುಲಭ ಮೇಡಂ. ಕೊನೆಗೆ ನಾವೇ ಹೇಳ್ತೀವಿ. ಒಂದು ಸಾಲಲ್ಲಿ ಬರೀ ಒಂದು ಚುಕ್ಕೆ—"

ಅಳಿಯನ ಬಾಯಿ ತೆರೆದಂತೆಯೇ ಉಳಿಯಿತು. ಫೋನನ್ನು ಮೇಜಿನ ಮೇಲೆ ಇಟ್ಟ. ನಾನು ನೋಡಿದಂತೆ ಅದೇ ಮೊದಲು.

"ಅಯ್ಯೋ" ಎಂದ. "ಅಯ್ಯೋ, ನಾನೆಂಥಾ ಕೆಲಸ ಮಾಡ್ದೆ!"

"ಮಾಡಿ ನೋಡು" ಎಂದಳು ಅಕ್ಕ.

ಅವನು ಟೈಪ್ ಮಾಡಿದ. ಮೊದಲ ಸಾಲು ‘ಒಂದು’. ಎರಡನೆಯದರಲ್ಲಿ ಬರೀ ಚುಕ್ಕೆ. ಮೂರನೆಯದು ‘ಎರಡು’. ‘ಕಳಿಸು’ ಎಂದು ಕೊಟ್ಟ. ಯಜಮಾನರು ತಮ್ಮ ಫೋನು ತೆಗೆದು ನೋಡಿದರು. ಮೇಲ್ ಬಂದಿತ್ತು. ಅದರಲ್ಲಿ ಇದ್ದದ್ದು ‘ಒಂದು’ ಮಾತ್ರ.

ಅಕ್ಕ ಕುರ್ಚಿ ಎಳೆದು ಯಜಮಾನರ ಒಳ್ಳೆಯ ಕಿವಿಯ ಪಕ್ಕ ಕೂತಳು. ಇನ್ನು ಮುಂದಿನದನ್ನು ನಾನು ಕೂಗಬೇಕಾಗಲಿಲ್ಲ.

"ಕಳ್ಳತನ ಆಗಿರೋದು ನಿಜ ಯಜಮಾನ್ರೇ" ಎಂದಳು. "ಆದ್ರೆ ಕಳುವಾಗಿದ್ದು ತಗಡಲ್ಲ. ಟೀಚರ ಕಾಗದದ ಅರ್ಧ. ಒಂದು ಕಾಗದದ್ದಲ್ಲ, ಎರಡು ತಿಂಗಳಲ್ಲಿ ಬರೆದ ಅಷ್ಟೂ ಕಾಗದಗಳದ್ದು. ನೀವೆಲ್ಲ ಅವರು ಬರೆದದ್ದನ್ನ ಓದಿದ್ರಿ. ಅಲ್ಲಿ ಇಲ್ಲದ್ದನ್ನ ನೋಡಲಿಲ್ಲ. ವರ್ಷಗಟ್ಟಲೆ ಸಹಿ ಹಾಕಿದೋರು ದಿಢೀರಂತ ಸಹಿ ಯಾಕೆ ಬಿಟ್ರು? ಸಿಟ್ಟು ಬಂದ್ರೆ ಮಾತು ಕಮ್ಮಿ ಆಗುತ್ತೆ, ಸರಿ. ತಾನೇ ತೆಗೆದೆ ಅಂತ ಧೈರ್ಯವಾಗಿ ಒಪ್ಪಿಕೊಳ್ಳೋರು ಹೆಸರು ಬರೆಯೋಕೆ ಹಿಂಜರೀತಾರಾ? ಸಹಿ ಅವರು ಹಾಕಿದಾರೆ. ನಿಮ್ಮವರೆಗೂ ಬಂದಿಲ್ಲ."

"ಹಾಗಾದ್ರೆ ಹಳೆಯ ಮೇಲ್‌ಗಳು?" ಎಂದ ಯಂತ್ರದಣ್ಣ. "ಅದರಲ್ಲೂ ಚುಕ್ಕೆ ಇತ್ತಲ್ಲ, ಪೂರ್ತಿ ಬರ್ತಿತ್ತಲ್ಲ?"

ಉತ್ತರ ಕೊಟ್ಟವನು ಅಳಿಯ. "ಆ ಪೆಟ್ಟಿಗೆ ತಿಳಿದ ಪೋಸ್ಟ್‌ಮ್ಯಾನು ಅಣ್ಣಾ. ಕಾಗದದ ನಡುವೆ ಒಂಟಿ ಚುಕ್ಕೆ ಕಂಡ್ರೆ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಸೇರಿಸಿ ಕಳಿಸ್ತಿತ್ತು. ಆ ಕಡೆಯವನು ಸೇರಿಸಿದ್ದನ್ನ ತೆಗೆದು ಓದಿಕೊಳ್ತಿದ್ದ. ಎಲ್ಲಾ ಮೇಲ್ ಪ್ರೋಗ್ರಾಮೂ ಮಾಡೋ ಕೆಲಸ ಅದು. ನನ್ನ ಕಮಾಂಡಲ್ಲಿ ನಾನು ಅದನ್ನ ಬರೆದಿಲ್ಲ. ಕಾಗದದ ನಡುವೆ ಬರೀ ಚುಕ್ಕೆ ಇಡೋರು ಯಾರಿರ್ತಾರೆ ಅಂದ್ಕೊಂಡೆ."

"ಚುಕ್ಕೆ ಆದ ಮೇಲಿನ ಸಾಲುಗಳು?"

"ಆ ಕಡೆಯವನಿಗೆ ಅರ್ಥವಾಗದೆ ‘ಏನಂದ್ರಿ, ಏನಂದ್ರಿ’ ಅಂತ ಕೇಳಿರ್ತಾನೆ. ಅವನ ಉತ್ತರ ನೋಡೋ ಏರ್ಪಾಡನ್ನೂ ನಾನು ಮಾಡಿಲ್ಲ."

ನನಗಾಗ ಪೂರ್ತಿ ಅರ್ಥವಾಯಿತು. ನನ್ನ ಬಸ್ಸಿನಲ್ಲಿ ಒಮ್ಮೆ ಮಗುವೊಂದು ಆಟಕ್ಕೆಂದು ಸೀಟಿ ಊದಿ, ಡ್ರೈವರು ಅರ್ಧ ಜನರನ್ನು ನಿಲ್ದಾಣದಲ್ಲೇ ಬಿಟ್ಟು ಹೊರಟುಬಿಟ್ಟಿದ್ದ. ಹತ್ತದೆ ಉಳಿದವರು ಹಿಂದಿನಿಂದ ಎಷ್ಟು ಕೂಗಿದರೇನು!

"ಹಾಗಾದ್ರೆ ಕಳ್ಳ—" ಎಂದರು ಯಜಮಾನರು.

"ನಿಮ್ಮ ಅಳಿಯ ಪ್ರೀತಿಯಿಂದ ಬರೆದುಕೊಟ್ಟ ಕಮಾಂಡು" ಎಂದಳು ಅಕ್ಕ. "ಬೈಯಬೇಡಿ ಅವನನ್ನ. ತೆಗಿಯಪ್ಪಾ, ಟೀಚರು ಬರೆದು ಉಳಿಸಿದ ಕಾಗದಗಳು ಈ ಕಂಪ್ಯೂಟರಲ್ಲೇ ಇರ್ತಾವಲ್ಲ?"

ಇದ್ದವು. ಎಲ್ಲವೂ ಪೂರ್ತಿ, ಸಹಿಯ ಸಮೇತ. ಯಜಮಾನರು ಕನ್ನಡಕ ಏರಿಸಿಕೊಂಡು ಕೊನೆಯ ಕಾಗದವನ್ನು ಗಟ್ಟಿಯಾಗಿ ಓದಿದರು. ಕಿವಿ ಕೇಳದವರ ಓದು. ಹಜಾರವೆಲ್ಲ ತುಂಬಿತು.

"... ತ್ರಿಕೋನಗಳ ಪಾಠದಲ್ಲಿ ಚಿತ್ರದ ಎಡಬಲ ಅದಲುಬದಲಾಗಿದೆ. ಸಂಜೆ ಸುಮ್ಮನೆ ಮತ್ತೊಮ್ಮೆ ಬೆರಳಾಡಿಸಿದಾಗ ತಿಳಿಯಿತು. ಹಿಂಬದಿಯಿಂದ ಉಬ್ಬಿಸುವ ಯಂತ್ರದಣ್ಣನವರಿಗೆ ತಿರುಗುಮುರುಗಾಗುವುದು ಸಹಜ. ಹಿಡಿಯಬೇಕಾದವಳು ನಾನು, ಸರಿಯಿದೆ ಎಂದು ಬಿಟ್ಟವಳೂ ನಾನು. ತಪ್ಪು ನನ್ನದು. ಅವರು ಮನೆಗೆ ಹೋಗಿಯಾಗಿತ್ತು, ಫೋನು ಹತ್ತಲಿಲ್ಲ. ಬೆಳಿಗ್ಗೆ ಬಂದವರೇ ಬೀರುವಿನಲ್ಲಿರುವುದನ್ನು ಯಂತ್ರಕ್ಕೆ ಹಾಕುತ್ತಾರೆ. ಉಳಿದ ಚಿತ್ರಗಳನ್ನು ಮತ್ತೆ ನೋಡಲು ನನಗೆ ಹೊತ್ತಿಲ್ಲ. ಆದ್ದರಿಂದ ತಗಡುಗಳನ್ನೆಲ್ಲ ಸ್ವಲ್ಪ ಸ್ವಲ್ಪವಾಗಿ ಸಾಗಿಸಿ ಕಾಗದದ ಕೋಣೆಯ ಖಾಲಿ ರೀಮಿನ ಡಬ್ಬಗಳಲ್ಲಿ ಇಟ್ಟಿದ್ದೇನೆ..."

ಯಂತ್ರದಣ್ಣ ಅಷ್ಟರಲ್ಲೇ ಕಾಗದದ ಕೋಣೆಗೆ ನುಗ್ಗಿದ್ದ. "ಇದಾವೆ! ಎಲ್ಲಾ ಇದಾವೆ ಯಜಮಾನ್ರೇ!" ಎಂಬ ಕೂಗು ಕೇಳಿತು.

ಯಜಮಾನರು ಓದುತ್ತಲೇ ಇದ್ದರು. "... ನಾಳೆಯಿಂದ ನನ್ನ ರಜೆ. ಕಳೆದ ತಿಂಗಳ ಕಾಗದದಲ್ಲಿ ಬರೆದಂತೆ ತಂಗಿಗೆ ಮೂತ್ರಪಿಂಡ ಕೊಡುತ್ತಿದ್ದೇನೆ. ಫೋನು ಆಫ್ ಆಗಿರುತ್ತದೆ. ನಿಮ್ಮ ವಿಶ್ವಾಸದ ಟೀಚರ್."

ಅವರ ದನಿ ಬಿದ್ದುಹೋಯಿತು. "ಕಳೆದ ತಿಂಗಳ ಕಾಗದ" ಎಂದರು. ಅಳಿಯ ಅದನ್ನೂ ತೆರೆದ. ಯಜಮಾನರಿಗೆ ತಲುಪಿದ್ದು ಅದರ ಮೊದಲ ಸಾಲು ಮಾತ್ರ, ಗಣಿತದ ಮೊದಲ ಭಾಗದ ಕರಡು ಮುಗಿಯಿತು ಎಂದು. ಉಳಿದದ್ದರಲ್ಲಿ ಆಸ್ಪತ್ರೆಯ ಹೆಸರಿತ್ತು, ದಿನವಿತ್ತು. ‘ತಂಗಿಗೆ ಈ ವಿಷಯ ಹೊರಗೆ ತಿಳಿಯುವುದು ಇಷ್ಟವಿಲ್ಲ. ನಿಮಗೆ ಕೇಳುವಂತೆ ನಾನು ಕೂಗಿ ಹೇಳುವ ಮಾತೂ ಅಲ್ಲ. ಒಪ್ಪಿಗೆ ಇದ್ದರೆ ಉತ್ತರ ಬೇಡ, ಯಾರ ಮುಂದೆಯೂ ಎತ್ತಬೇಡಿ. ನಿಮ್ಮ ಮೌನವನ್ನೇ ಒಪ್ಪಿಗೆ ಎಂದುಕೊಳ್ಳುತ್ತೇನೆ’ ಎಂದಿತ್ತು.

ಆಮೇಲೆ ಒಂದೊಂದೇ ತೆರೆದೆವು. ಅರ್ಧಕ್ಕೆ ನಿಂತ ಪ್ರತಿ ಕಾಗದದ ಇನ್ನರ್ಧದಲ್ಲಿ ಯಾರಿಗೋ ಒಂದು ಕೃತಜ್ಞತೆ ಇತ್ತು. ವಿಷಯ ಮೊದಲು, ಮನಸ್ಸಿನ ಮಾತು ಕೊನೆಗೆ ಎಂಬುದು ಟೀಚರ ಪದ್ಧತಿ. ಕಳೆದುಹೋದದ್ದು ಮನಸ್ಸಿನ ಮಾತೇ.

‘ಹಳೆಯ ಪಟ್ಟಿಯಲ್ಲಿ ಅರ್ಧ ಮೊಳೆಗಳು ಏಳುತ್ತಿರಲಿಲ್ಲ, ಊಹಿಸಿ ಓದುತ್ತಿದ್ದೆ. ನಾನು ಬಾಯಿ ಬಿಟ್ಟು ಕೇಳಿರಲಿಲ್ಲ. ಆದರೂ ತಂದುಕೊಟ್ಟಿರಿ. ಪೆಟ್ಟಿಗೆ ಬಿಚ್ಚಿದ ದಿನ ಸಂತೋಷಕ್ಕೆ ನನಗೆ ಊಟ ಸೇರಲಿಲ್ಲ.’ ಇದು ಯಜಮಾನರಿಗೆ.

‘ಯಂತ್ರದಣ್ಣನವರು ರಸ್ತೆ ದಾಟಿಸುವಾಗ ಕೈ ಹಿಡಿದು ಎಳೆಯುವುದಿಲ್ಲ, ತಮ್ಮ ಮೊಣಕೈ ಕೊಡುತ್ತಾರೆ. ಈ ನಯ ಎಲ್ಲರಿಗೂ ಬರುವುದಿಲ್ಲ. ನೀವೊಮ್ಮೆ ಅವರಿಗೆ ಹೇಳಿ.’ ಯಂತ್ರದಣ್ಣ ಕೈಯೊರೆಸುವ ಬಟ್ಟೆಯಲ್ಲಿ ಮುಖ ಒರೆಸಿಕೊಂಡ. ಮುಖಕ್ಕೆಲ್ಲ ಮಸಿ ಹತ್ತಿತು.

ಹೊಸ ಕಮಾಂಡಿನಿಂದ ಕಳಿಸಿದ ಮೊಟ್ಟಮೊದಲ ಕಾಗದವೂ ಅಲ್ಲಿತ್ತು. ‘ಇದು ಪರೀಕ್ಷೆಗೆ ಬರೆದದ್ದು’ ಎಂಬಷ್ಟು ತಲುಪಿತ್ತು. ಉಳಿದದ್ದು ಹೀಗಿತ್ತು: ‘ನಿಮ್ಮ ಅಳಿಯಂದಿರು ನನಗಾಗಿ ಈ ದಾರಿ ಮಾಡಿಕೊಟ್ಟರು. ಇನ್ನು ಕಾಗದ ಕಳಿಸಲು ನಾನು ಯಾರನ್ನೂ ಕರೆಯಬೇಕಿಲ್ಲ. ಅವರ ತಾಯಿ ಪುಣ್ಯವಂತೆ.’

ಆ ಮಾತನ್ನು ನುಂಗಿದ್ದು ಆ ದಾರಿಯೇ. ಅಳಿಯ ಕೀಲಿಮಣೆ ಎಳೆದುಕೊಂಡು, ಯಾರೂ ಹೇಳದೆಯೇ, ಒಂಟಿ ಚುಕ್ಕೆಗೆ ಜೊತೆ ಸೇರಿಸುವ ಸಾಲನ್ನು ಬರೆಯತೊಡಗಿದ. ಕಣ್ಣು ತುಂಬಿದ್ದರಿಂದ ಎರಡು ಸಲ ತಪ್ಪಿ ಅಳಿಸಿದ. ಯಜಮಾನರು ಜೇಬಿನಿಂದ ದೂರು ತೆಗೆದು ನಾಲ್ಕು ಚೂರು ಮಾಡಿದರು. ಅಳಿಯನ ಹೆಸರಿಗೆ ನಾನು ಹಾಕಿದ್ದ ಕೊನೆಯ ಗೀಟೂ ಹೋಯಿತು. ಅಕ್ಕನ ತಮ್ಮನಾಗಿ ಹುಟ್ಟಿದ್ದಕ್ಕೆ ನನಗೆ ಆ ಹೊತ್ತು ನಿಜವಾಗಿ ಹೆಮ್ಮೆಯೆನಿಸಿತು. ಅವಳಿಗೆ ಹೇಳಲಿಲ್ಲ, ತಲೆ ಮೇಲೆ ಕೂತಾಳು.

ಮಾರನೆಯ ದಿನ ಆಸ್ಪತ್ರೆಗೆ ಹೋದೆವು. ಟೀಚರು ಬಿಳಿ ಹೊದಿಕೆಯೊಳಗೆ ತೀರ ಸಣ್ಣಗೆ ಕಾಣುತ್ತಿದ್ದರು. ತಂಗಿ ಇನ್ನೊಂದು ವಾರ್ಡಿನಲ್ಲಿದ್ದಾಳೆ, ಹೊಸ ಮೂತ್ರಪಿಂಡ ಕೆಲಸ ಶುರು ಮಾಡಿದೆ ಎಂದಳು ನರ್ಸು. ಯಜಮಾನರು ಹಾಸಿಗೆಯ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡರು.

"ಯಜಮಾನರಾ?" ಟೀಚರ ಮುಖ ಅರಳಿತು. ಅವರಿಗೆ ದನಿ ಏರಿಸಲು ಆಗುವಂತಿರಲಿಲ್ಲ. ಯಜಮಾನರು ಬಗ್ಗಿ ಒಳ್ಳೆಯ ಕಿವಿಯನ್ನು ಅವರ ಬಾಯಿಯ ಹತ್ತಿರ ತಂದರು. "ನಿಮ್ಮ ಉಪಕಾರ ಹೇಗೆ ತೀರಿಸ್ಲಿ? ಒಂದು ಪ್ರಶ್ನೆ ಕೇಳಲಿಲ್ಲ, ಯಾರ ಮುಂದೂ ಬಾಯಿ ಬಿಡಲಿಲ್ಲ. ರಜೆ ಕೊಟ್ರಿ. ಯಾವ ಮಾಲೀಕರು ಹೀಗೆ ನಡ್ಕೊಳ್ತಾರೆ?"

ಆಗ ಯಜಮಾನರು ಸುಮ್ಮನೆ ‘ಇರಲಿ ಬಿಡಿ’ ಎಂದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅಕ್ಕ ಅವರನ್ನೇ ನೋಡುತ್ತಿದ್ದಳು. ಯಜಮಾನರು ಹಾಸಿಗೆಯ ಕಂಬಿ ಹಿಡಿದುಕೊಂಡರು.

"ಇಲ್ಲ ತಾಯಿ. ನಿಮ್ಮ ಕಾಗದ ನನಗೆ ಅರ್ಧ ಬಂದಿತ್ತು. ನಾನು ನಿಮ್ಮನ್ನ ಕಳ್ಳಿ ಅಂದ್ಕೊಂಡೆ. ಪೊಲೀಸರಿಗೆ ದೂರು ಬರೆದಿದ್ದೆ." ಉಳಿದದ್ದನ್ನೂ ಮುಚ್ಚಿಡದೆ ಹೇಳಿದರು. ಅವರಿಗೆ ಮೆಲ್ಲಗೆ ಮಾತಾಡಲು ಬಾರದು. ಇಡೀ ವಾರ್ಡು ಕೇಳಿಸಿಕೊಂಡಿತು.

ಟೀಚರು ಕೈ ಚಾಚಿ, ಹುಡುಕಿ, ಅವರ ಕೈ ಹಿಡಿದರು.

"ದೂರು ಬರೆದ್ರಿ. ಕೊಟ್ರಾ?"

"ಇಲ್ಲ. ಕೈ ಬರಲಿಲ್ಲ. ಈ ಅಮ್ಮನ ಹತ್ರ ಓಡಿದೆ."

"ಆ ಅರ್ಧ ಕಾಗದ ಓದಿ ನಾನು ಕಳ್ಳಿ ಅಂತ ಅನ್ನಿಸಿದ ಮೇಲೂ ಕೈ ಬರಲಿಲ್ಲವಲ್ಲ. ನನಗೆ ಅಷ್ಟು ಸಾಕು." ನಗಲು ಹೋಗಿ ಹೊಟ್ಟೆ ಹಿಡಿದುಕೊಂಡರು. "ಗಣಿತ ಅಚ್ಚಿಗೆ ಹೋಯ್ತಾ?"

"ಹೇಗೆ ಹೋಗುತ್ತೆ? ಚಿತ್ರದ ತಗಡನ್ನ ಯಂತ್ರದಣ್ಣ ರಾತ್ರಿಯೇ ಹೊಸದಾಗಿ ಮಾಡಿದಾನೆ. ನೀವು ಎದ್ದು ಬಂದು ಸರಿ ಅಂದ ಮೇಲೇ ಅಚ್ಚು."

"ಅಲ್ಲೀವರೆಗೆ ಮಕ್ಕಳು ಕಾಯ್ಬೇಕಾ?" ಎಂದರು ಟೀಚರು. "ತಗಡು ಇಲ್ಲಿಗೇ ತರಿಸಿ. ಹೊಲಿಗೆ ಹಾಕಿರೋದು ಹೊಟ್ಟೆಗೆ, ಬೆರಳಿಗಲ್ಲ."